ನೀಲಿ ಬಾಗಿಲ ಮನೆಯ ಕುಟುಂಬ ಚಿತ್ರ

ಸೀಟಿ ಮಾಮನಿಗೆ ಗೊತ್ತಿಲ್ಲದ ವಿಷಯ ಒಂದೇ ಒಂದಿತ್ತು. ತನಗೆ ಏನೇನು ಗೊತ್ತಿಲ್ಲ ಎಂಬುದು.

ನೂರ ಹತ್ತು ಮನೆಗಳ ಆ ದ್ವೀಪದ ದೋಣಿಕಟ್ಟೆಯಲ್ಲಿ ಆತ ಟಿಕೆಟ್ ಗುಮಾಸ್ತ. ವಾರಕ್ಕೆ ಮೂರು ಸಲ ದಡದ ಪಟ್ಟಣದಿಂದ ಲಾಂಚು ಬರುತ್ತಿತ್ತು, ಬಂದದ್ದು ಒಂದು ಗಂಟೆ ನಿಂತು ಹೋಗುತ್ತಿತ್ತು. ಟಿಕೆಟ್ ಹರಿದು ಕೊಡುವುದು, ಟಪಾಲು ಚೀಲ ಇಳಿಸಿಕೊಳ್ಳುವುದು, ಲಾಂಚು ಹೊರಡುವಾಗ ಸೀಟಿ ಊದುವುದು, ಇಷ್ಟು ಆತನ ಕೆಲಸ. ಮಿಕ್ಕ ಹೊತ್ತಿನಲ್ಲಿ ದ್ವೀಪದವರ ಸಂಶಯಗಳನ್ನು ಪರಿಹರಿಸುತ್ತಿದ್ದ. ಅವರಿಗೆ ಸಂಶಯ ಇದೆಯೇ ಎಂದು ಮೊದಲು ಕೇಳುವ ಪದ್ಧತಿಯನ್ನು ಇಟ್ಟುಕೊಂಡಿರಲಿಲ್ಲ.

ಒಂದು ಸೋಮವಾರ ಟಪಾಲು ಚೀಲದಲ್ಲಿ ಆತನ ಮನೆಗೇ ಒಂದು ಕಾಗದ ಬಂತು. ವಿಳಾಸ: ‘ದೋಣಿಕಟ್ಟೆಯ ಪಕ್ಕದ ನೀಲಿ ಬಾಗಿಲಿನ ಮನೆಯವರಿಗೆ’. ಮಾಮ ಅದನ್ನು ಕಟ್ಟೆಯ ಮೇಲೆ ನಿಂತೇ ಓದಿದ, ಮನೆಗೆ ಹೋಗಿ ಹೆಂಡತಿಗೂ ತಾಯಿಗೂ ಗಟ್ಟಿಯಾಗಿ ಓದಿದ.

‘ಮಾನ್ಯರೇ, ಹಿಂದೊಮ್ಮೆ ಲಾಂಚಿಗೆ ಕಾಯುತ್ತಿದ್ದಾಗ ನಿಮ್ಮ ಮನೆಯನ್ನು ನೋಡಿದ್ದೆ. ಮರೆಯಲು ಆಗಿಲ್ಲ. ಅಲ್ಲಿ ಒಂದು ಕುಟುಂಬ ಚಿತ್ರ ತೆಗೆಯಬೇಕೆಂದಿದ್ದೇವೆ. ಬರುವ ಹದಿನೆಂಟರಂದು ಐದು ಜನ ಬರುತ್ತೇವೆ. ಮನೆಮಂದಿಯ ಸಹಕಾರವಿರಲಿ.’

“ಕುಟುಂಬ ಚಿತ್ರ ಅಂದ್ರೆ?” ಎಂದಳು ಹೆಂಡತಿ.

“ಕುಟುಂಬದ ಚಿತ್ರ. ಫೋಟೋ. ಪಟ್ಟಣದವರು ಮಾದರಿ ಕುಟುಂಬ ಅಂತ ಹುಡುಕ್ತಾ ಇರ್ತಾರೆ. ಪೇಪರಲ್ಲಿ ಹಾಕೋಕೆ.”

“ಒಂದು ಫೋಟೋ ತೆಗೆಯೋಕೆ ಐದು ಜನಾನ?”

“ಒಬ್ಬ ತೆಗೀತಾನೆ, ನಾಲ್ಕು ಜನ ನೋಡ್ತಾರೆ. ಎಲ್ಲಾ ಆಫೀಸಲ್ಲೂ ಹಂಗೇ.”

ಕಿಟಕಿಯ ಬಳಿ ಕುಳಿತಿದ್ದ ತಾಯಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ದ್ವೀಪಕ್ಕೆಲ್ಲ ಅಜ್ಜಿಯಾದ ಈಕೆ ಎಂಬತ್ತು ದಾಟಿದವಳು. ಮಾತು ಕಡಿಮೆ, ಆಡಿದರೆ ತೀರ್ಪು.

“ಕುಟುಂಬ ಅಂದ್ಮೇಲೆ ನನಗೆ ಇಬ್ಬರು ಮಕ್ಕಳು. ದೊಡ್ಡವನಿಲ್ಲದ ಚಿತ್ರಕ್ಕೆ ನಾನು ಕೂರೋದಿಲ್ಲ,” ಎಂದಳು.

ಮಾಮ ಕಾಗದವನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಅದರ ಕಾರಣವನ್ನು ಇಲ್ಲಿ ಹೇಳಲೇಬೇಕು.

ಅಜ್ಜಿಯ ಹಿರಿಯ ಮಗ ದೋಣಿ ಮೇಸ್ತ್ರಿ. ದ್ವೀಪದ ಆ ತುದಿಯಲ್ಲಿ ಅವನ ಮನೆ, ಮನೆಯ ಮುಂದೆ ದೋಣಿ ಕಟ್ಟುವ ಚಪ್ಪರ. ನಡೆದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ಒಬ್ಬರನ್ನೊಬ್ಬರು ನೋಡಲೆಂದು ಅಣ್ಣತಮ್ಮಂದಿರು ಆರು ವರ್ಷದಿಂದ ನಡೆದಿರಲಿಲ್ಲ. ಅಮ್ಮನನ್ನು ನೋಡಬೇಕೆಂದರೆ ಮೇಸ್ತ್ರಿ ಲಾಂಚು ಬರುವ ಹೊತ್ತು ನೋಡಿಕೊಂಡು, ತಮ್ಮನು ಕಟ್ಟೆಯ ಮೇಲಿರುವುದನ್ನು ಖಚಿತಪಡಿಸಿಕೊಂಡು ಬರುತ್ತಿದ್ದ. ಆಸ್ತಿಯ ಜಗಳವಲ್ಲ, ಗಡಿಯ ಜಗಳವಲ್ಲ. ಮೇಸ್ತ್ರಿಯ ಮಗಳ ಮದುವೆಯ ದಿನ ಗಂಡಿನ ಕಡೆಯವರು ದಡದಿಂದ ಬಂದಿದ್ದರು, ಲಾಂಚು ಅವರಿಗಾಗಿ ಕಟ್ಟೆಯಲ್ಲೇ ಕಾಯುತ್ತಿತ್ತು. ಅಡುಗೆ ತಯಾರಾಗಿತ್ತು. ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ‘ಎಲ್ಲರೂ ಊಟಕ್ಕೆ ಏಳಿ’ ಎಂದು ಹೇಳುವ ಸದುದ್ದೇಶದಿಂದ, ಮೊದಲು ಜನರನ್ನು ಸುಮ್ಮನಾಗಿಸೋಣವೆಂದು, ತಮ್ಮನಾದವನು ಜೇಬಿನಿಂದ ಸೀಟಿ ತೆಗೆದು ಉದ್ದಕ್ಕೆ ಊದಿದ. ದ್ವೀಪದಲ್ಲಿ ಆ ಸದ್ದಿಗೆ ಇದ್ದ ಅರ್ಥ ಒಂದೇ. ಲಾಂಚು ಹೊರಟಿತು ಎಂದು ಗಂಡಿನ ಕಡೆಯ ಅರುವತ್ತೆರಡು ಜನ ಕೂತಲ್ಲಿಂದೆದ್ದು ಓಡಿದರು. ಮದುಮಗನೂ ಓಡಿದ. ಅಷ್ಟು ಜನ ಒಟ್ಟಿಗೆ ಹತ್ತಿದ್ದು ನೋಡಿ ಲಾಂಚಿನವನೂ ಹೊರಟೇಬಿಟ್ಟ. ಮದುಮಗಳು ದ್ವೀಪದಲ್ಲಿ, ಮದುಮಗ ಸಮುದ್ರದಲ್ಲಿ, ಊಟ ಪಾತ್ರೆಯಲ್ಲಿ. ಮುಂದಿನ ಲಾಂಚು ಎರಡು ದಿನದ ಮೇಲೆ.

‘ಸೀಟಿ ಮಾಮ’ ಎಂಬ ಹೆಸರು ಆತನಿಗೆ ಬಂದದ್ದು ಅಂದು. ಅಣ್ಣನ ಮಾತು ನಿಂತದ್ದೂ ಅಂದೇ.

ಈಗ ಸಂಧಾನದ ಹೊಣೆ ಸೊಸೆಯರ ಮೇಲೆ ಬಿತ್ತು. ಚಿಕ್ಕ ಸೊಸೆ ಆ ತುದಿಗೆ ನಡೆದು ಹೋಗಿ ತನ್ನ ಓರಗಿತ್ತಿಗೆ ವಿಷಯ ತಿಳಿಸಿದಳು.

“ಅಕ್ಕ, ಅತ್ತೆ ಹಟ ಹಿಡಿದಿದ್ದಾರೆ. ಭಾವ ಬರಬೇಕಂತೆ.”

ದೊಡ್ಡ ಸೊಸೆ ಒಳಗೆ ಹೋಗಿ ಗಂಡನನ್ನು ಕೇಳಿ ಬಂದಳು. “ಅಮ್ಮನಿಗೋಸ್ಕರ ಬರ್ತಾರಂತೆ ಕಣೇ. ಆದ್ರೆ ಪಕ್ಕ ನಿಲ್ಲಲ್ಲವಂತೆ. ಇವರು ಈ ತುದಿಗಾದ್ರೆ ಅವರು ಆ ತುದಿಗೆ.”

“ನಡುವೆ ಎಷ್ಟು ಜನ ಬೇಕಂತೆ?”

“ಸಿಗೋಷ್ಟು.”

ಹೀಗಾಗಿ ನಡುವೆ ತುಂಬಲು ನೆಂಟರನ್ನು ಕರೆಯುವುದು ಅನಿವಾರ್ಯವಾಯಿತು. ಸೋದರತ್ತೆ, ಚಿಕ್ಕಪ್ಪನ ಮಕ್ಕಳು, ಷಡ್ಡಕ, ಷಡ್ಡಕನ ತಂಗಿಯ ಗಂಡ, ಹೀಗೆ ಎಲ್ಲರಿಗೂ ಕಾಗದ ಹೋಯಿತು. ಮಾಮ ಟಿಕೆಟ್ ಪುಸ್ತಕದ ಹಿಂಬದಿಯಲ್ಲಿ ಮೂರು ಸಾಲಿನ ನಕ್ಷೆ ಬರೆದ. ಮದುವೆಗೆ ಬಾರದವರೂ ಚಿತ್ರಕ್ಕೆ ನಿಲ್ಲಲು ಒಪ್ಪಿದರು. ಒಂದು ಮಾತು, ಯಾರೂ ಆ ಮದುವೆಯ ಪ್ರಸ್ತಾಪ ಎತ್ತಬಾರದೆಂದು ಸೋದರತ್ತೆ ಎಲ್ಲರಿಗೂ ಹೇಳಿಕೊಂಡು ಬಂದಳು, ಹೇಳುವಾಗ ಇಡೀ ಕಥೆಯನ್ನು ಮತ್ತೊಮ್ಮೆ ಹೇಳಿದಳು.

ಸುದ್ದಿ ಅಧ್ಯಕ್ಷರ ಕಿವಿಗೆ ಬಿತ್ತು. ದ್ವೀಪದ ಆಡಳಿತ ಸಮಿತಿಯ ಅಧ್ಯಕ್ಷರು ದಪ್ಪ ಮೀಸೆಯ, ಇನ್ನೂ ದಪ್ಪ ಫೈಲಿನ ಮನುಷ್ಯ. ಮರುದಿನವೇ ಕಟ್ಟೆಗೆ ಬಂದರು.

“ಏನಯ್ಯ, ಹೊರಗಿನವರು ಬಂದು ನಮ್ಮ ದ್ವೀಪದ ಕುಟುಂಬದ ಚಿತ್ರ ತೆಗೀತಾರೆ ಅಂದ್ರೆ, ಅದು ಕುಟುಂಬ ಹೌದೋ ಅಲ್ವೋ ಅಂತ ದೃಢೀಕರಿಸೋರು ಯಾರು?”

“ನಾವೇ ಇದ್ದೀವಲ್ಲ ಸ್ವಾಮಿ, ಕುಟುಂಬ.”

“ನೀನು ಹೇಳಿದ್ರೆ ಆಗಲ್ಲ. ಮೊಹರು ಬೇಕು.”

ಅವರು ಒಂದು ಪ್ರಮಾಣಪತ್ರ ಬರೆದು ತಂದರು. ‘ಸದರಿ ಕುಟುಂಬವು ಒಂದು ಕುಟುಂಬವಾಗಿದ್ದು, ಸದಸ್ಯರು ಪರಸ್ಪರ ಸೌಹಾರ್ದದಿಂದಿರುತ್ತಾರೆ.’ ಕೆಳಗೆ ಇಬ್ಬರು ಗಂಡುಮಕ್ಕಳ ರುಜು ಬೇಕು. ಮಾಮ ಮಂಗಳವಾರ ರುಜು ಹಾಕಿದ. ಮೇಸ್ತ್ರಿ ಗುರುವಾರ, ಕಾಗದವನ್ನು ಮಡಿಸಿ ತಮ್ಮನ ರುಜು ಕಾಣದಂತೆ ಮಾಡಿಕೊಂಡು ತನ್ನದನ್ನು ಹಾಕಿದ. ಸೌಹಾರ್ದಕ್ಕೆ ಮೊಹರು ಬಿತ್ತು.

“ಇನ್ನೊಂದು,” ಎಂದರು ಅಧ್ಯಕ್ಷರು. “ನಾನು ಎಲ್ಲಿ ನಿಲ್ಲಲಿ?”

“ತಾವು ಕುಟುಂಬ ಅಲ್ವಲ್ಲ ಸ್ವಾಮಿ.”

“ಇಡೀ ದ್ವೀಪಕ್ಕೇ ನಾನು ತಂದೆಯ ಸಮಾನ ಕಣಯ್ಯ. ನಿಮ್ಮನೆ ಬಿಟ್ಟು ತಂದೆಯಾಗೋಕಾಗುತ್ತಾ?”

ಮಾಮ ನಕ್ಷೆಯಲ್ಲಿ ಎರಡನೆಯ ಸಾಲಿನ ನಡುವೆ ಒಂದು ಗುಂಡಗಿನ ಗುರುತು ಹಾಕಿದ.

ಹದಿನೆಂಟರ ಬೆಳಿಗ್ಗೆ ಲಾಂಚು ಬರುವ ಹೊತ್ತಿಗೆ ನೀಲಿ ಬಾಗಿಲ ಮುಂದೆ ಇಪ್ಪತ್ತೇಳು ಜನ ಸಿದ್ಧರಾಗಿದ್ದರು. ನಡುವೆ ಕುರ್ಚಿಯಲ್ಲಿ ಅಜ್ಜಿ. ಎಡತುದಿಯಲ್ಲಿ ಮೇಸ್ತ್ರಿ, ಬಲತುದಿಯಲ್ಲಿ ಮಾಮನಿಗೆ ಬಿಟ್ಟ ಜಾಗ. ಎಲ್ಲರ ಬಟ್ಟೆಗೂ ಇಸ್ತ್ರಿ, ಎಲ್ಲರ ತಲೆಗೂ ಎಣ್ಣೆ. ಅಧ್ಯಕ್ಷರ ಮೀಸೆಗೆ ಎರಡೂ ಆದಂತಿತ್ತು.

ಲಾಂಚಿನಿಂದ ಇಳಿದ ಐವರಲ್ಲಿ ಕಡ್ಡಿಯಂಥ ಒಬ್ಬ ಯುವಕನೇ ಕಾಗದ ಬರೆದವನು. ಕ್ಯಾಮೆರಾ ಹೊತ್ತವನೊಬ್ಬ. ಉದ್ದ ಕೋಲಿನ ತುದಿಗೆ ಬೆಕ್ಕಿನಂಥದ್ದೇನೋ ಕಟ್ಟಿಕೊಂಡ ಹುಡುಗಿಯೊಬ್ಬಳು. ಪೌಡರಿನ ಪೆಟ್ಟಿಗೆ ಹಿಡಿದ ನಡುವಯಸ್ಸಿನ ಹೆಂಗಸೊಬ್ಬಳು. ಐದನೆಯವನು ನೋಡಲು ಲಕ್ಷಣವಾಗಿದ್ದಿರಬೇಕು, ಆದರೆ ಆಗ ಮುಖವೆಲ್ಲ ಹಸಿರಾಗಿತ್ತು. ಅವನು ಕಟ್ಟೆಯ ಮೇಲೆ ಅಂಗಾತ ಮಲಗಿ, “ಈ ಸಮುದ್ರವನ್ನ ನಾನು ಇನ್ನು ಒಂದೇ ಸಲ ದಾಟೋದು,” ಎಂದ. ಅಂದದ್ದೇ ಎದ್ದು ಹೋಗಿ ಅದೇ ಲಾಂಚಿನಲ್ಲಿ ಕುಳಿತ. ಮಾಮ ಕರ್ತವ್ಯನಿಷ್ಠನಾಗಿ ಅವನಿಗೆ ಟಿಕೆಟ್ ಹರಿದು ಕೊಟ್ಟ. ಯುವಕ ಕಾಲು ಹಿಡಿದರೂ ಅವನು ಇಳಿಯಲಿಲ್ಲ. ಲಾಂಚು ಹೋಯಿತು. ಮಾಮ ಓಡಿಬಂದು ತನ್ನ ಜಾಗದಲ್ಲಿ ನಿಂತ.

ಯುವಕ ಕಣ್ಣೊರೆಸಿಕೊಂಡು ತಿರುಗಿದರೆ ನೀಲಿ ಬಾಗಿಲ ಮುಂದೆ ಇಪ್ಪತ್ತೇಳು, ಮಾಮನೂ ಸೇರಿ ಇಪ್ಪತ್ತೆಂಟು ಜನ, ಮೂರು ಸಾಲು, ಒಬ್ಬರ ಕಣ್ಣೂ ಮಿಟುಕುತ್ತಿಲ್ಲ.

“ಇವರೆಲ್ಲ ಯಾರು?” ಎಂದ ಕ್ಯಾಮೆರಾದವನು ಮೆಲ್ಲಗೆ.

“ಗೊತ್ತಿಲ್ಲ. ಬೆಳಕು ಚೆನ್ನಾಗಿದೆ. ಮೊದಲು ಕ್ಯಾಮೆರಾ ಓಡಿಸು.”

ಕ್ಯಾಮೆರಾ ಓಡತೊಡಗಿತು. ಕ್ಯಾಮೆರಾದ ಹಿಂದಿನವರು ಇವರು ಅಲುಗಾಡಲಿ ಎಂದು ಕಾದರು. ಮುಂದಿನವರು ‘ಟಕ್’ ಎಂಬ ಸದ್ದಾಗಲಿ ಎಂದು ಕಾದರು. ಒಂದು ನಿಮಿಷವಾಯಿತು. ಮೂರು ನಿಮಿಷವಾಯಿತು. ಒಂದು ನೊಣ ಬಂದು ಅಧ್ಯಕ್ಷರ ಮೂಗಿನ ಮೇಲೆ ಕುಳಿತು, ಮೀಸೆಯವರೆಗೆ ನಡೆದು, ವಿಚಾರ ಮಾಡಿ ವಾಪಸು ಬಂತು. ಅಧ್ಯಕ್ಷರು ಅಲುಗಲಿಲ್ಲ. ಸಾರ್ವಜನಿಕ ಜೀವನದಲ್ಲಿ ಅವರು ಇಷ್ಟು ಹೊತ್ತು ಸುಮ್ಮನಿದ್ದುದು ಅದೇ ಮೊದಲು. ಏಳು ನಿಮಿಷಕ್ಕೆ ಷಡ್ಡಕನ ತಂಗಿಯ ಗಂಡನ ಕಾಲು ಜೋಮು ಹಿಡಿಯಿತು, ಪಕ್ಕದವನು ಅವನನ್ನು ಬೆನ್ನ ಹಿಂದಿನಿಂದ ಬೆಲ್ಟು ಹಿಡಿದು ನಿಲ್ಲಿಸಿದ.

ಹನ್ನೊಂದನೆಯ ನಿಮಿಷದಲ್ಲಿ ಅಜ್ಜಿ ತುಟಿ ಅಲುಗಿಸದೆ ಕೇಳಿದಳು, “ಆಯ್ತೇನಪ್ಪ?”

“ಅಜ್ಜಿ, ನೀವೆಲ್ಲ ಯಾಕೆ ಹೀಗೆ ನಿಂತಿದ್ದೀರಿ? ಸ್ವಲ್ಪ ಓಡಾಡಿ, ಮಾತಾಡಿ,” ಎಂದ ಯುವಕ.

“ಮಾತಾಡಿದ್ರೆ ಫೋಟೋ ಮಸುಕಾಗುತ್ತೆ ಕಣ್ರೀ,” ಎಂದು ಬಲತುದಿಯಿಂದ ಮಾಮ ವಿವರಿಸಿದ. “ನಿಮಗೆ ಹೊಸದು ಅಂತ ಕಾಣುತ್ತೆ.”

“ಫೋಟೋನಾ? ನಾವು ಸಿನಿಮಾದವರು. ಕುಟುಂಬ ಚಿತ್ರ ತೆಗೆಯೋಕೆ ಬಂದಿರೋದು. ಮನೆ ಒಂದು ಸಾಕಾಗಿತ್ತು.”

ಇಪ್ಪತ್ತೇಳು ತಲೆಗಳು ನಿಧಾನವಾಗಿ ಬಲಕ್ಕೆ ತಿರುಗಿದವು. ಮಾಮ ಒಬ್ಬ ಮಾತ್ರ ನೇರ ನೋಡುತ್ತ ನಿಂತಿದ್ದ, ಇನ್ನೂ ಫೋಟೋ ಬರಬಹುದೆಂಬಂತೆ. ಆಗ ಎಡತುದಿಯಿಂದ, ಇಪ್ಪತ್ತಾರು ಜನರ ಆಚೆಯಿಂದ, ಆರು ವರ್ಷ ಕೇಳಿರದ ಒಂದು ದನಿ ಬಂತು.

“ಲೋ. ಒಂದು ಕಾಗದ ಓದೋಕೂ ಬರಲ್ವೇನೋ ನಿಂಗೆ?”

ಮಾಮ ಬೆಚ್ಚಿ ಆ ಕಡೆ ನೋಡಿದ. “ಬರುತ್ತೆ. ಅದ್ರಲ್ಲಿ ಚಿತ್ರ ಅಂತಿತ್ತು. ನಿಂಗೂ ಹೊಳೀಲಿಲ್ವಲ್ಲ, ಹೊಸ ಶರ್ಟ್ ಹಾಕ್ಕೊಂಡು ಬಂದು ನಿಂತಿದೀಯ.”

“ಅಮ್ಮ ಕರೆದ್ಲು ಅಂತ ಬಂದೆ. ನೀನು ಕೈ ಹಾಕಿದ್ದು ಯಾವುದು ನೆಟ್ಟಗಾಗಿದೆ ಹೇಳು. ಅವತ್ತು ಅರುವತ್ತೆರಡು ಜನರನ್ನ ಉಪವಾಸ ಕಳಿಸಿದೆ. ಬೀಗಿತ್ತಿ ಇವತ್ತಿಗೂ ಊಟಕ್ಕೆ ಕೂತ್ರೆ ಬಾಗಿಲ ಕಡೆ ನೋಡ್ತಾಳಂತೆ.”

“ಊಟಕ್ಕೆ ಕರೆಯೋಕೆ ತಾನೆ ಊದಿದ್ದು ನಾನು? ಆರು ವರ್ಷದಿಂದ ಅದನ್ನೇ ಹೇಳೋಣ ಅಂತಿದ್ದೀನಿ, ನೀನು ಮುಖ ಕೊಟ್ರೆ ತಾನೆ?”

ಸೋದರತ್ತೆ ಬಿಡಿಸಲು ಮುಂದಾದಳು. ಅಜ್ಜಿ ಕೈ ಎತ್ತಿ ತಡೆದಳು.

“ಯಾರೂ ನಡುವೆ ಬಾಯಿ ಹಾಕಬೇಡಿ. ಅವರಿಬ್ಬರೂ ಮಾತಾಡ್ತಿದ್ದಾರೆ.”

ಇಬ್ಬರೂ ಬಯ್ದಾಡುತ್ತ ಒಂದೊಂದೇ ಹೆಜ್ಜೆ ನಡುವಿಗೆ ಬಂದು, ಅಜ್ಜಿಯ ಕುರ್ಚಿಯ ಎರಡು ಪಕ್ಕ ನಿಂತು, ಅವಳ ತಲೆಯ ಮೇಲಿಂದ ಬಯ್ದಾಡಿದರು. ಅಜ್ಜಿ ಕಣ್ಣು ಮುಚ್ಚಿ ಹಾಡು ಕೇಳುವವಳಂತೆ ಕುಳಿತಿದ್ದಳು. ಕ್ಯಾಮೆರಾ ಓಡುತ್ತಲೇ ಇತ್ತು. ಯುವಕ ಮಣ್ಣಿನ ಮೇಲೆ ಕುಳಿತುಬಿಟ್ಟ. ಅವನ ಚಿತ್ರದ ಕಥೆಯೂ ಮಾತು ಬಿಟ್ಟ ಅಣ್ಣತಮ್ಮಂದಿರದೇ. ತಮ್ಮನ ಪಾತ್ರದವನು ಲಾಂಚಿನಲ್ಲಿ ಹೋಗಿದ್ದ. ಅಣ್ಣನ ಪಾತ್ರ, ಬೇರೆ ಯಾರೂ ಸಿಗದೆ, ಅವನೇ ಮಾಡುವುದೆಂದಿತ್ತು. ಮೇಸ್ತ್ರಿಯ ಹುಬ್ಬು ನೋಡಿದ ಮೇಲೆ ಆ ಆಸೆ ಅಲ್ಲೇ ಬಿಟ್ಟ.

ಮಧ್ಯಾಹ್ನ ಯುವಕ, ಆ ಎರಡು ಪಾತ್ರ ನೀವೇ ಮಾಡಿಕೊಡಿ ಎಂದು ಇಬ್ಬರ ಮುಂದೆಯೂ ಕೈಮುಗಿದ.

“ನಟನೆ ಗಿಟನೆ ನನಗೆ ಬರಲ್ಲ,” ಎಂದ ಮೇಸ್ತ್ರಿ.

“ನಟಿಸಬೇಡಿ ಅಣ್ಣ. ತಮ್ಮನ ಜೊತೆ ಮಾತಾಡದೆ ಇರೋದು, ಅಷ್ಟೇ ನಿಮ್ಮ ಪಾತ್ರ.”

“ಅದಾದ್ರೆ ಅಭ್ಯಾಸ ಇದೆ,” ಎಂದಳು ದೊಡ್ಡ ಸೊಸೆ.

ಪೌಡರಿನ ಹೆಂಗಸು ತಾಯಿಯ ಪಾತ್ರಕ್ಕೆ ಬಂದವಳು. ಅಜ್ಜಿ ಆಕೆಯನ್ನು ಅಡಿಯಿಂದ ಮುಡಿವರೆಗೆ ನೋಡಿ, “ಇವಳು ನನ್ನ ಮಕ್ಕಳನ್ನ ಹೆತ್ತಳಾ? ದೊಡ್ಡವನಿಗಿಂತ ಚಿಕ್ಕವಳು. ನೀನು ಅಡುಗೆಮನೆ ನೋಡ್ಕೋ ತಾಯಿ, ಇದನ್ನ ನಾನೇ ಮಾಡ್ತೀನಿ,” ಎಂದಳು. ಆಕೆಗೂ ಅದೇ ಬೇಕಾಗಿತ್ತು.

ಹೀಗೆ ಚಿತ್ರ ಶುರುವಾಯಿತು. ನಿಂತದ್ದು ಮರುದಿನ ಬೆಳಿಗ್ಗೆ.

ಕಾರಣ ಯಾರೂ ಊಹಿಸದ್ದು. ಕಥೆಯ ಪ್ರಕಾರ ಕೊನೆಯ ದೃಶ್ಯದವರೆಗೆ ಅಣ್ಣತಮ್ಮಂದಿರು ಮಾತಾಡಬಾರದು. ಆದರೆ ಆರು ವರ್ಷ ಕಟ್ಟಿ ನಿಂತ ನೀರು ಒಮ್ಮೆ ಒಡೆದ ಮೇಲೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಕ್ಯಾಮೆರಾ ಓಡಲು ಶುರುವಾದರೆ ಮೇಸ್ತ್ರಿಗೆ ಹಳೆಯದೊಂದು ನೆನಪಾಗುತ್ತಿತ್ತು. “ಲೋ, ಅವತ್ತು ನನ್ನ ಹಲಗೆ ಕೊರೆಯೋ ಬೈರಿಗೆ ತಗೊಂಡು ಹೋದವನು ಕೊಟ್ಟೆಯೇನೋ?” ತಮ್ಮ ಉತ್ತರಿಸುತ್ತಿದ್ದ. ಉತ್ತರದಿಂದ ಇನ್ನೊಂದು ಹುಟ್ಟುತ್ತಿತ್ತು. ಹದಿನಾಲ್ಕು ಸಲ ತೆಗೆದರು, ಹದಿನಾಲ್ಕು ಸಲವೂ ಬೇರೆ ಬೇರೆ ವಿಷಯ. ಕೋಲಿನ ತುದಿಯ ಬೆಕ್ಕು ಮಾತು ಹಿಡಿಯುವ ಮೈಕಾಗಿತ್ತು, ಅದರ ಹುಡುಗಿ ಕೋಲು ಇಳಿಸಿ ನಕ್ಕು ಸುಸ್ತಾದಳು.

“ಅಣ್ಣಾ, ದಯವಿಟ್ಟು ದ್ವೇಷ ಮಾಡಿ,” ಎಂದು ಯುವಕ ಬೇಡಿಕೊಂಡ. “ನಿನ್ನೆವರೆಗೆ ಮಾಡ್ತಿದ್ರಲ್ಲ, ಹಾಗೆ.”

“ಏನಪ್ಪ ನೀನು,” ಎಂದಳು ಅಜ್ಜಿ. “ಆರು ವರ್ಷಕ್ಕೆ ಬಾಯಿ ಬಿಟ್ಟಿದ್ದಾರೆ. ಸುಮ್ನಿರಿ ಅನ್ನೋಕೆ ನಾಲಿಗೆ ಹೇಗೆ ಬರುತ್ತೆ ನಿನಗೆ?”

“ಹಾಗಾದ್ರೆ ನನ್ನ ಚಿತ್ರ ಮುಗೀತು ಅಜ್ಜಿ,” ಎಂದು ಅವನು ಕಟ್ಟೆಯ ಮೆಟ್ಟಿಲ ಮೇಲೆ ಕುಳಿತ. ಅಧ್ಯಕ್ಷರು ಬಂದು, ಸೌಹಾರ್ದದ ಪ್ರಮಾಣಪತ್ರವನ್ನು ತಾತ್ಕಾಲಿಕವಾಗಿ ರದ್ದುಮಾಡಿ ಕೊಡುವುದಾಗಿ ಹೇಳಿದರು. ಅದರಿಂದ ಪ್ರಯೋಜನವಾಗಲಿಲ್ಲ.

ಅಜ್ಜಿ ಬಂದು ಅವನ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಯೋಚಿಸಿ ಹೇಳಿದಳು, “ದೊಡ್ಡವನ ಬಾಯಿಗೆ ಮೊಳೆ ಕೊಡಿ.”

“ಏನು?”

“ದೋಣಿಗೆ ಹಲಗೆ ಹೊಡೆಯುವಾಗ ಮೊಳೆ ಬಾಯಲ್ಲಿ ಕಚ್ಕೊಂಡಿರ್ತಾನೆ. ಆಗ ಮನೆಗೆ ಬೆಂಕಿ ಬಿದ್ರೂ ಮಾತಾಡಲ್ಲ. ಚಿಕ್ಕವನನ್ನ ಟಿಕೆಟ್ ಕಿಟಕಿ ಹಿಂದೆ ಕೂರಿಸಿ. ಅಲ್ಲಿ ಕೂತ್ರೆ ‘ಎಷ್ಟು ಜನ’ ಅನ್ನೋದು ಬಿಟ್ಟು ಬೇರೆ ಬರಲ್ಲ.”

ಹಾಗೇ ಮಾಡಿದರು. ಒಂದು ಹಳೆಯ ದೋಣಿಯನ್ನು ಚಪ್ಪರದಿಂದ ಎಳೆದು ತಂದು ನೀಲಿ ಬಾಗಿಲ ಮುಂದೆ ಇಟ್ಟರು. ಮೇಸ್ತ್ರಿ ಬಾಯಿತುಂಬ ತಾಮ್ರದ ಮೊಳೆ ಕಚ್ಚಿಕೊಂಡು ದಿನಗಟ್ಟಲೆ ಹಲಗೆ ಹೊಡೆದ. ಹೇಳಬೇಕಾದ್ದೆಲ್ಲ ಮೊಳೆಗಳ ಹಿಂದೆ ಸಿಕ್ಕಿಕೊಂಡು ಕಣ್ಣಿಗೆ ಬರುತ್ತಿತ್ತು. ಕಿಟಕಿಯ ಕಂಬಿಯ ಹಿಂದಿನಿಂದ ಮಾಮ ಅಣ್ಣನನ್ನು ನೋಡುತ್ತಿದ್ದ. ಬೈರಿಗೆಯ ವಿಷಯದಲ್ಲಿ ಒಳ್ಳೆಯ ಉತ್ತರವೊಂದು ಹೊಳೆದಿತ್ತು, ಹೇಳುವಂತಿರಲಿಲ್ಲ. ಕ್ಯಾಮೆರಾದವನು ಒಮ್ಮೆ ಕಣ್ಣು ತೆಗೆದು, “ಇಂಥ ಸಂಕಟದ ಮುಖ ನಾನು ನೋಡಿಲ್ಲ,” ಎಂದ.

ಕೊನೆಯ ದೃಶ್ಯಕ್ಕೆ ಯುವಕ ಎರಡು ಪುಟ ಮಾತು ಬರೆದಿದ್ದ. ಅಣ್ಣ ಕ್ಷಮೆಯ ಬಗ್ಗೆ, ಸಮುದ್ರದ ಬಗ್ಗೆ, ರಕ್ತಸಂಬಂಧದ ಬಗ್ಗೆ ಹೇಳಬೇಕು. ಮೇಸ್ತ್ರಿ ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗೈಗೆ ಹಾಕಿಕೊಂಡ. ಹನ್ನೆರಡು ಮೊಳೆ. ತಮ್ಮನ ಕಡೆ ತಿರುಗಿದ. ಎರಡು ಪುಟದಲ್ಲಿ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ.

“ಊಟ ಆಯ್ತೇನೋ?” ಎಂದ.

ಇದು ಚಿತ್ರ ಎಂಬುದು ಮಾಮನಿಗೆ ಮರೆತೇ ಹೋಯಿತು. “ಎಲ್ಲಿ, ಇವರು ಬಿಟ್ರೆ ತಾನೆ.”

“ಬಾ ಹಂಗಾದ್ರೆ.”

ಇಬ್ಬರೂ ಕ್ಯಾಮೆರಾದ ಪಕ್ಕದಿಂದ ಹಾದು ಊಟಕ್ಕೆ ಹೋದರು. ಯುವಕ ಬಹಳ ಹೊತ್ತು ‘ಕಟ್’ ಎನ್ನಲಿಲ್ಲ. ಆಮೇಲೆ ಎರಡು ಪುಟವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಎಂಟು ತಿಂಗಳ ಮೇಲೆ ಪಟ್ಟಣದ ದೊಡ್ಡ ಸಭಾಂಗಣದಲ್ಲಿ ಸಣ್ಣ ಚಿತ್ರಗಳ ಸ್ಪರ್ಧೆ. ದ್ವೀಪಕ್ಕೆ ದ್ವೀಪವೇ ಎರಡು ಲಾಂಚಿನಲ್ಲಿ ಹೋಯಿತು. ಅಂಥ ಟಿಕೆಟ್ ಮಾರಾಟ ಆ ಕಿಟಕಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಚಿತ್ರ ಮುಗಿದಾಗ ಹಿಂದಿನ ಸಾಲಿನಿಂದ ಚಪ್ಪಾಳೆ ಎದ್ದು ಮುಂದಿನ ಸಾಲಿಗೆ ಬಂತು, ಜನ ಎದ್ದು ನಿಂತರು. ‘ಎಷ್ಟು ಜನ’ ಎಂಬ ಮಾಮನ ಮಾತನ್ನು ಆಗಲೇ ಕೆಲವರು ಅದೇ ಧಾಟಿಯಲ್ಲಿ ಅನ್ನುತ್ತಿದ್ದರು. ಮೊದಲ ಬಹುಮಾನ ನೀಲಿ ಬಾಗಿಲಿನ ಚಿತ್ರಕ್ಕೇ ಬಂತು. ಫಲಕವನ್ನು ಯುವಕ ತಾನಿಟ್ಟುಕೊಳ್ಳದೆ ಅಜ್ಜಿಯ ಮಡಿಲಿಗೆ ಹಾಕಿದ.

ತೀರ್ಪುಗಾರರ ಮುಖ್ಯಸ್ಥರು ಬಿಳಿ ಗಡ್ಡದ ಹಿರಿಯರು. ಧ್ವನಿವರ್ಧಕ ಹಿಡಿದು ಹೇಳಿದರು: “ಆ ಮೊದಲ ಹನ್ನೊಂದು ನಿಮಿಷ. ಇಡೀ ಕುಟುಂಬ ಮಾತು ಸತ್ತು ನಿಂತಿದೆ. ನೊಣ ಬಂದರೂ ಕೈ ಏಳುವುದಿಲ್ಲ. ಸಂಬಂಧಗಳು ಹೆಪ್ಪುಗಟ್ಟುವುದೆಂದರೆ ಇದು. ಇದನ್ನು ಹೇಗೆ ಸಾಧಿಸಿದಿರಿ?”

ಯುವಕ ತನ್ನ ಬೂಟು ನೋಡಿಕೊಂಡ. ವೇದಿಕೆಗೆ ಕರೆಸಿಕೊಂಡಿದ್ದ ಅಣ್ಣತಮ್ಮಂದಿರ ಕಡೆಗೆ ಧ್ವನಿವರ್ಧಕ ಕೈ ಬದಲಾಯಿಸುತ್ತ ಬಂದು ಸೀಟಿ ಮಾಮನ ಮುಂದೆ ನಿಂತಿತು. ಮಾಮ ಗಂಟಲು ಸರಿಮಾಡಿಕೊಂಡ.

“ಅಲುಗಾಡದೆ ನಿಲ್ಲೋದು ಅಂದ್ರೆ ಸುಮ್ನೆ ಅಲ್ಲ ಸ್ವಾಮಿ. ಉಸಿರಿಗೆ ಒಂದು ಕ್ರಮ ಇದೆ, ದೃಷ್ಟಿಗೆ ಒಂದು ಕ್ರಮ ಇದೆ. ನಮ್ಮವರಿಗೆಲ್ಲ ಮೊದಲೇ ನಾನು ತರಬೇತಿ ಕೊಟ್ಟಿದ್ದೆ.”

ಸಭಾಂಗಣದ ಎಡಭಾಗ, ಅಂದರೆ ಇಡೀ ದ್ವೀಪ, ಬಾಯಿ ತೆರೆದು ಕುಳಿತಿತು. ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ. ಅವನು ಸುಳ್ಳನ್ನು ಸಹಿಸಿದವನಲ್ಲ. ತಾನೇ ಕಟ್ಟಿದ ದೋಣಿ ಒಂದಂಗುಲ ಸೊಟ್ಟವಿದ್ದರೆ ಕೊಳ್ಳುವವನಿಗೆ ಕರೆದು ತೋರಿಸಿದವನು. ಇನ್ನು ಮತ್ತೆ ಆರು ವರ್ಷ ಎಂದು ಸೋದರತ್ತೆ ಹಣೆ ಹಿಡಿದುಕೊಂಡಳು.

“ಹೌದಾ?” ಬಿಳಿ ಗಡ್ಡದವರು ಮೇಸ್ತ್ರಿಯ ಕಡೆ ತಿರುಗಿದರು. “ನೀವೂ ತರಬೇತಿ ತಗೊಂಡ್ರಾ?”

ಮೇಸ್ತ್ರಿ ತಮ್ಮನನ್ನು ನೋಡಿದ. ಮಾಮನ ಹಣೆಯ ಮೇಲೆ ಬೆವರೊಡೆದಿತ್ತು, ಆದರೂ ಎದೆ ಸೆಟೆದೇ ಇತ್ತು.

“ತಗೊಂಡೆ ಸ್ವಾಮಿ,” ಎಂದ ಮೇಸ್ತ್ರಿ. “ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಭಾರಿ ಕಟ್ಟುನಿಟ್ಟು ನನ್ನ ತಮ್ಮ.”

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಅಧ್ಯಕ್ಷರು ಎದ್ದು ನಿಂತು, ತಾವೂ ಅದೇ ತರಬೇತಿಯಲ್ಲಿ ತೇರ್ಗಡೆಯಾದವರೆಂದು ಅಕ್ಕಪಕ್ಕದವರಿಗೆ ತಿಳಿಸತೊಡಗಿದರು. ವೇದಿಕೆಯ ಮೇಲೆ ಅಣ್ಣತಮ್ಮಂದಿರು ಉಸಿರಿನ ಕ್ರಮವನ್ನು ಸವಿವರವಾಗಿ, ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು, ಒಂದು ಎಳೆಯೂ ತಪ್ಪದಂತೆ ವಿವರಿಸುತ್ತಿದ್ದರು.

ಅಜ್ಜಿ ಫಲಕವನ್ನು ಎದೆಗವುಚಿಕೊಂಡು ಚಿಕ್ಕ ಸೊಸೆಯ ಕಿವಿಗೆ ಬಾಗಿದಳು.

“ಇಬ್ಬರೂ ಒಂದೇ ಸುಳ್ಳು ಹೇಳ್ತಿದ್ದಾರೆ ನೋಡೆ,” ಎಂದಳು. “ಚಿಕ್ಕವರಿದ್ದಾಗ ಹೀಗೇ ಇದ್ರು.”